ಪಾರ್ಶ್ವವಾಯುವಿನ ಸ್ಥಾನಾಂತರ: ಐಸಿಡಿ-11ರಲ್ಲಿ ಮೆದುಳಿನ ರೋಗಗಳ ಲೆಕ್ಕ

‘ಪಾರ್ಶ್ವವಾಯು’ ಎಂಬ ಹೆಸರು ಬಿದ್ದುಹೋದ ಮಗ್ಗುಲನ್ನು ಸೂಚಿಸುತ್ತದೆಯೇ ಹೊರತು ಕೆಟ್ಟ ಅಂಗವನ್ನಲ್ಲ. ‘ಲಕ್ವ’ ಇನ್ನೂ ಸಡಿಲ: ಮೆದುಳಿನ ರಕ್ತನಾಳ ಕಟ್ಟಿಕೊಂಡವರಿಗೂ ಲಕ್ವ, ಮುಖದ ನರ ಸೋತು ಬಾಯಿ ವಾರೆಯಾದವರಿಗೂ ಲಕ್ವ. ಆಡುಮಾತಿಗೆ ಇದು ಸಲ್ಲುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವೇ, ಅಂದರೆ ಐಸಿಡಿಯೇ, ಈ ಕಾಯಿಲೆ ಯಾವ ಅಂಗದ್ದು ಎಂಬಲ್ಲಿ ದಶಕಗಳ ಕಾಲ ಎಡವಿತ್ತು.

1948ರ ಆರನೆಯ ಪರಿಷ್ಕರಣೆಯಲ್ಲಿ ಪಾರ್ಶ್ವವಾಯು ನರಮಂಡಲದ ಅಧ್ಯಾಯದಲ್ಲೇ ಇತ್ತು. ಎಂಟನೆಯದರಲ್ಲಿ ಅದನ್ನು ರಕ್ತಪರಿಚಲನೆಯ ಅಧ್ಯಾಯಕ್ಕೆ ಸಾಗಿಸಿದರು. 1990ರಲ್ಲಿ ಒಪ್ಪಿಗೆ ಪಡೆದ ಐಸಿಡಿ-10 ಅದನ್ನೇ ಉಳಿಸಿಕೊಂಡಿತು. ರಕ್ತ ಸಾಲದೆ ಕೆಲವು ನಿಮಿಷ ಕೈ ಸೋತು ಸರಿಹೋದರೆ ಜಿ45, ನರಮಂಡಲದ ಸಂಕೇತ. ಅದೇ ನಾಳ, ಅದೇ ಕೈ, ಸೋಲು ಉಳಿದುಬಿಟ್ಟರೆ ಐ63, ರಕ್ತಪರಿಚಲನೆಯ ಸಂಕೇತ. ಅಧ್ಯಾಯವಾರು ಮರಣ ಕೋಷ್ಟಕಗಳಲ್ಲಿ ಪಾರ್ಶ್ವವಾಯುವಿನ ಸಾವುಗಳೆಲ್ಲ ಹೃದ್ರೋಗಗಳ ಜೊತೆ ಸೇರಿ, ಮೆದುಳಿನ ರೋಗಗಳ ಹೊರೆ ನಿಜಕ್ಕಿಂತ ಹಗುರವಾಗಿ ಕಂಡಿತು. ಇದನ್ನು ಬರಿಯ ಗುಮಾಸ್ತಿಕೆಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ.

ರಾದ್ ಶಾಕಿರ್ ಅಧ್ಯಕ್ಷತೆಯ ನರವಿಜ್ಞಾನ ಸಲಹಾ ಸಮಿತಿ ಹನ್ನೊಂದನೆಯ ಪರಿಷ್ಕರಣೆಗಾಗಿ ಪಾರ್ಶ್ವವಾಯುವನ್ನು ನರಮಂಡಲಕ್ಕೆ ಮರಳಿಸಿ ಇದನ್ನು ತಿದ್ದಿತು. ಆದರೆ 2016ರಲ್ಲಿ ಸಂಖ್ಯಾಶಾಸ್ತ್ರದ ಕಾರಣ ಮುಂದಿಟ್ಟು ಅದನ್ನು ಮತ್ತೆ ರಕ್ತಪರಿಚಲನೆಯ ಅಧ್ಯಾಯಕ್ಕೇ ತಳ್ಳಲಾಯಿತು. ಮನೆ ಬದಲಿಸಿದರೆ ಹಳೆಯ ಅಂಕಿಗಳ ಜೊತೆ ಹೋಲಿಕೆ ತಪ್ಪುತ್ತದೆ ಎಂಬ ಆಕ್ಷೇಪ ನನ್ನ ಮಟ್ಟಿಗೆ ಗೌರವಾರ್ಹವೇ. ಆದರೂ ತಪ್ಪು ಗುಂಪಿನಲ್ಲಿಟ್ಟ ಅಂಕಿಗಳ ಸಾತತ್ಯಕ್ಕಿಂತ ಸರಿಯಾದ ಎಣಿಕೆ ದೊಡ್ಡದು. ನರತಜ್ಞರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಾದಿಸಿದರು. ಕೊನೆಗೆ ನಿರ್ಧಾರ ತಿರುಗಿತು. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಪಾರ್ಶ್ವವಾಯು ಎಂಟನೆಯ ಅಧ್ಯಾಯವಾದ ನರಮಂಡಲದಲ್ಲಿದೆ.

ಹೊಸ ವ್ಯವಸ್ಥೆಯ ತಳಹದಿಯಲ್ಲಿ ಒಂದು ರೋಗಕ್ಕೆ ಹಲವು ತಾಯಿ ಗುಂಪುಗಳಿರಬಹುದು. ಎಣಿಕೆಗೆ ಮಾತ್ರ ಒಂದೇ. ಎಲ್ಲ ವ್ಯಾಜ್ಯವೂ ಇದರಿಂದ ಬಗೆಹರಿದಿಲ್ಲ. ಆಲ್ಝೈಮರ್ ಕಾಯಿಲೆ ನರಮಂಡಲದಲ್ಲಿ (8ಎ20), ಅದರಿಂದ ಬರುವ ಮರೆಗುಳಿತನ ಮನೋರೋಗಗಳ ಆರನೆಯ ಅಧ್ಯಾಯದಲ್ಲಿ (6ಡಿ80) ಉಳಿದಿದೆ. ಒಬ್ಬರೇ ರೋಗಿಯನ್ನು ಹೀಗೆ ಎರಡು ಅಧ್ಯಾಯಗಳಿಗೆ ಹಂಚಿರುವುದು ನನಗೆ ಸರಿಕಾಣದು.

ನಮ್ಮ ಆಸ್ಪತ್ರೆಗಳ ದೃಷ್ಟಿಯಿಂದ ಇನ್ನೊಂದು ಸಂಕೇತ ಗಮನಾರ್ಹ. ಮೆದುಳಿನೊಳಗಿನ ರಕ್ತಸ್ರಾವಕ್ಕೆ 8ಬಿ00, ರಕ್ತಕೊರತೆಯ ಪಾರ್ಶ್ವವಾಯುವಿಗೆ 8ಬಿ11; ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ 8ಬಿ20. ಇವುಗಳನ್ನು ಖಚಿತವಾಗಿ ಬೇರ್ಪಡಿಸಲು ಸ್ಕ್ಯಾನ್ ಬೇಕು. ಸಿಟಿ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಪ್ರಾಮಾಣಿಕವಾಗಿ ಬರೆಯಬಹುದಾದದ್ದು 8ಬಿ20 ಮಾತ್ರ. ಜಿಲ್ಲಾವಾರು ಈ ಸಂಕೇತವನ್ನು ಎಣಿಸಿದರೆ, ಮುಂದಿನ ಯಂತ್ರ ಎಲ್ಲಿಗೆ ಹೋಗಬೇಕೆಂಬುದು ಕಾಣುತ್ತದೆ.