ಹಣ್ಣಿನೊಣದ ವೈರಿಗಳ ನಾಮಕರಣ

ವನದುರ್ಗದ ಹೊಲದಲ್ಲಾಗಲಿ ಬೆಂಗಳೂರಿನ ತೋಟದಲ್ಲಾಗಲಿ, ಕೊಳೆತ ಹಾಗಲಕಾಯಿಯ ಹುಳುಗಳನ್ನು ಸಾಕಿದವನಿಗೆ ಒಮ್ಮೊಮ್ಮೆ ನೊಣದ ಬದಲು ಸಣ್ಣ ಕಣಜವೊಂದು ದೊರೆಯುವುದುಂಟು. ಅದು ಯಾವುದೆಂಬುದೇ ಪ್ರಶ್ನೆ.

ಇಂತಹ ಹಲವು ಕಣಜಗಳನ್ನು ಇಟಲಿಯ ಸಿಲ್ವೆಸ್ಟ್ರಿ 1916ರಲ್ಲಿ ವರ್ಣಿಸಿದನು. ಅವುಗಳಲ್ಲಿ ‘ಫ್ಲೆಚರಿ’ ಎಂಬುದು ಪೂಸಾದ ಕೀಟಶಾಸ್ತ್ರಜ್ಞ ಬೈನ್‌ಬ್ರಿಗ್ ಫ್ಲೆಚರನ ಹೆಸರನ್ನು ಹೊತ್ತಿದೆ. ಅದೇ ವರ್ಷ ಫುಲ್ಲವೇ ಅದನ್ನು ಭಾರತದಿಂದ ಹವಾಯಿಗೆ ಒಯ್ದನು. ಅಲ್ಲಿ ಹಾಗಲನೊಣದ ಹಾವಳಿ ವಿಪರೀತವಾಗಿದ್ದಿತು.

ಮಾವಿನ ನೊಣದ ವೈರಿಯ ಕಥೆ ಇನ್ನೂ ತೊಡಕಿನದು. ಮಲಯದಿಂದ 1948ರ ಸುಮಾರಿಗೆ ಹವಾಯಿಗೆ ಬಂದ ಕಣಜವೊಂದನ್ನು ಸಿಲ್ವೆಸ್ಟ್ರಿಯ ‘ಪರ್ಸಲ್ಕೇಟಸ್’ ಎಂದೇ ಭಾವಿಸಲಾಯಿತು. ಕಣಜವು ನೊಣದ ಕೋಶದಿಂದ ಹೊರಬರುವುದರಿಂದ ಅದು ಮರಿಹುಳುವನ್ನು ಚುಚ್ಚುವುದೆಂಬ ಊಹೆ ಸಹಜವೇ. ವಾಸ್ತವದಲ್ಲಿ ಅದು ಚುಚ್ಚುವುದು ಮೊಟ್ಟೆಯನ್ನು. ಮರಿಗಳನ್ನೊಡ್ಡಿ ಅದನ್ನು ಸಾಕುವುದು ವ್ಯರ್ಥ ಶ್ರಮ. 1951ರಲ್ಲಿ ಫುಲ್ಲವೇ ಅದಕ್ಕೆ ‘ಊಫಿಲಸ್’, ಅಂದರೆ ಮೊಟ್ಟೆಪ್ರಿಯ, ಎಂದು ಹೆಸರಿಟ್ಟನು. ಸೊಗಸಾದ ಹೆಸರು, ಆದರೆ ಉಳಿಯಲಿಲ್ಲ. ಸೋನಾನ್ 1932ರಲ್ಲಿ ತೈವಾನಿನಿಂದ ವರ್ಣಿಸಿದ್ದ ‘ಅರಿಸಾನಸ್’ ಇದೇ ಎಂದು ಮುಂದೆ ತಿಳಿದುಬಂದಿತು.

ಕುಲವೂ ಓಪಿಯಸ್, ಬಯೋಸ್ಟೆರೆಸ್ ಎಂದು ಬದಲಾಗುತ್ತ ಬಂದು, 1987ರಲ್ಲಿ ವಾರ್ಟನ್ ಸ್ಥಾಪಿಸಿದ ಫೋಪಿಯಸ್‌ನಲ್ಲಿ ನೆಲೆಗೊಂಡಿತು. ರೆಕ್ಕೆಯ ನರಗಳು, ಎದೆಯ ಬೆನ್ನಿನ ಗೀರುಗಳು, ಮೊಟ್ಟೆಯಿಡುವ ಸೂಜಿಯ ಉದ್ದ: ಇಂದಿಗೂ ನಾವು ಮೊದಲು ನೋಡುವುದು ಇವನ್ನೇ.