ಕವಿ ಬೇಡವೆಂದ ರೈಲು

ಡ್ಯಾಫೊಡಿಲ್ ಹೂವನ್ನು ಕಣ್ಣಾರೆ ಕಾಣದೆಯೇ ಅದರ ಮೇಲಿನ ಪದ್ಯವನ್ನು ಬಾಯಿಪಾಠ ಮಾಡಿದ ತಲೆಮಾರುಗಳು ಕರ್ನಾಟಕದಲ್ಲಿವೆ. ಆ ಪದ್ಯ ಬರೆದ ವಿಲಿಯಂ ವರ್ಡ್ಸ್‌ವರ್ತ್‌ನನ್ನು ನಮ್ಮ ನವೋದಯದ ಕವಿಗಳೂ ಓದಿ ಮೆಚ್ಚಿದ್ದರು. ಕುವೆಂಪು ಅವರ ನಿಸರ್ಗಪ್ರೀತಿಯ ಮಾತು ಬಂದಾಗ ವಿಮರ್ಶಕರು ಅವನ ಹೆಸರನ್ನೂ ಎತ್ತುವುದುಂಟು. ಆ ಹೂಗಳು ಕಣ್ಣಿಗೆ ಬಿದ್ದದ್ದು 1802ರ ಏಪ್ರಿಲ್ 15ರಂದು, ಇಂಗ್ಲೆಂಡಿನ ವಾಯವ್ಯ ಮೂಲೆಯ ಅಲ್ಸ್‌ವಾಟರ್ ಸರೋವರದ ದಡದಲ್ಲಿ. ಪದ್ಯದಲ್ಲಿ ಕವಿ ಒಬ್ಬಂಟಿ. ತಂಗಿ ಡೊರೊಥಿಯ ದಿನಚರಿ ನೋಡಿದರೆ ಆಕೆಯೂ ಜೊತೆಗಿದ್ದಳು!

ಬೆಟ್ಟಗಳ ನಡುವೆ ಹದಿನಾರು ದೊಡ್ಡ ಸರೋವರಗಳಿರುವ ಆ ಸೀಮೆಗೆ ‘ಲೇಕ್ ಡಿಸ್ಟ್ರಿಕ್ಟ್’ ಎಂದು ಹೆಸರು. ಮ್ಯಾಂಚೆಸ್ಟರ್, ಲಿವರ್‌ಪೂಲ್ ಕಡೆಯ ಕುಟುಂಬಗಳು ಶುಕ್ರವಾರ ಸಂಜೆ ಚೀಲ ಕಟ್ಟಿದರೆಂದರೆ ಬಹಳಷ್ಟು ಸಲ ಹೊರಡುವುದು ಇಲ್ಲಿಗೇ. ಎರಡು ದಿನ ದೋಣಿ, ಬೆಟ್ಟದ ನಡಿಗೆ, ದಡದ ಹೋಟೆಲಿನಲ್ಲಿ ಊಟ. ಮಳೆ ಬಂದರೆ ಕಿಟಕಿಯ ಬಳಿ ಕೂತು ಚಹಾ. ಮಳೆಯೇನೂ ಕಡಿಮೆಯಿಲ್ಲ. ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಆಗುಂಬೆಯವರು ಕೇಳಿದರೆ ನಕ್ಕಾರು, ಆದರೆ ಜನವಸತಿ ಇರುವ ಇಂಗ್ಲೆಂಡಿನ ಊರುಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿಯೇ.

ಹೀಗೆ ಶನಿವಾರ, ಭಾನುವಾರ ಸರೋವರದ ದಡಕ್ಕೆ ಹೋಗಿ ದಣಿವಾರಿಸಿಕೊಂಡು ಬರುವುದು ಇಂದು ಯಾರೂ ಪ್ರಶ್ನಿಸದ ಸಂಗತಿ. ಆದರೆ ಗಿರಣಿಯ ಕೂಲಿಗೂ ಈ ಸುಖ ಸಿಗಬೇಕೇ ಎಂಬುದರ ಬಗ್ಗೆ ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆದಿತ್ತು. ಬೇಡವೆಂದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಡ್ಯಾಫೊಡಿಲ್ ಕವಿಯೇ.

ಬೆನ್ನು ತಿರುಗಿಸಿ ನೋಡಿದವರು

ಅದಕ್ಕೂ ಮೊದಲು ಈ ಸೀಮೆ ಚೆಂದವೆಂದು ಯಾರಿಗೂ ಅನ್ನಿಸಿರಲಿಲ್ಲ ಎಂಬುದನ್ನು ನೆನೆಯಬೇಕು. ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡಿಫೊ 1720ರ ದಶಕದಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇದನ್ನು ತಾನು ಕಂಡ ನಾಡುಗಳಲ್ಲೇ ಬಂಜರಾದ, ಭಯಂಕರವಾದ ಜಾಗಗಳ ಸಾಲಿಗೆ ಸೇರಿಸಿದ್ದ. ಕುರಿ ಕಾಯುವವರಿಗೆ, ಗಣಿಯವರಿಗೆ ಬಿಟ್ಟರೆ ಬೇರೆಯವರಿಗೆ ಅಲ್ಲೇನು ಕೆಲಸ?

ಐವತ್ತು ವರ್ಷಗಳೊಳಗೆ ನೋಟ ಬದಲಾಯಿತು. ‘ಎಲಿಜಿ’ಯ ಕವಿ ಥಾಮಸ್ ಗ್ರೇ 1769ರ ಅಕ್ಟೋಬರ್‌ನಲ್ಲಿ ಇಲ್ಲಿ ತಿರುಗಾಡಿದ. ಅವನ ಕೈಯಲ್ಲಿ ಒಂದು ಪುಟ್ಟ ಕನ್ನಡಿ ಇತ್ತು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಲೊರೇನ್‌ನ ಹೆಸರು ಹೊತ್ತ ಈ ಕನ್ನಡಿ ಕೊಂಚ ಉಬ್ಬಿದ್ದು, ಅದರ ಗಾಜಿಗೆ ಮಬ್ಬು ಬಣ್ಣ ಹಾಕಿರುತ್ತಿದ್ದರು. ಸರೋವರಕ್ಕೆ ಬೆನ್ನು ಮಾಡಿ ನಿಂತು ಕನ್ನಡಿ ಎತ್ತಿ ಹಿಡಿದರೆ ಹಿಂದಿನ ಬೆಟ್ಟ, ನೀರು, ಮರಗಳೆಲ್ಲ ಚೌಕಟ್ಟು ಹಾಕಿದ ತೈಲಚಿತ್ರದಂತೆ ಕಾಣುತ್ತಿದ್ದವು. ಅಂದರೆ ಸೊಬಗನ್ನು ನೋಡಲು ಅದಕ್ಕೆ ಬೆನ್ನು ತಿರುಗಿಸಬೇಕು! ಕೆಸ್ವಿಕ್ ಪಟ್ಟಣದ ಬಳಿ ಗ್ರೇ ಇದನ್ನು ಹಿಡಿದುಕೊಂಡೇ ಕೆಸರಿನ ಓಣಿಯಲ್ಲಿ ಅಂಗಾತ ಬಿದ್ದ. ಬೆರಳ ಗೆಣ್ಣು ಜಜ್ಜಿತು, ಕನ್ನಡಿ ಉಳಿಯಿತು. ಸೆಲ್ಫಿ ತೆಗೆಯುವ ಇಂದಿನವರನ್ನು ಗೇಲಿ ಮಾಡುವ ಮುನ್ನ ಆ ಮಹಾಕವಿಯನ್ನು ಒಮ್ಮೆ ನೆನೆಯಬಹುದು.

1778ರಲ್ಲಿ ಥಾಮಸ್ ವೆಸ್ಟ್ ಎಂಬ ಪಾದ್ರಿ ಈ ಸೀಮೆಗೆ ಕೈಪಿಡಿ ಬರೆದ. ಯಾವ ಸರೋವರವನ್ನು ಯಾವ ಬಂಡೆಯ ಮೇಲೆ, ಯಾವ ಮರದ ಬಳಿ ನಿಂತು ನೋಡಬೇಕು ಎಂಬುದನ್ನು ಗುರುತು ಹಾಕಿಕೊಟ್ಟ. ಈ ಜಾಗಗಳನ್ನು ಅವನು ಕರೆದದ್ದು ‘ಸ್ಟೇಷನ್’ ಎಂದು. ರೈಲು ಇನ್ನೂ ಹುಟ್ಟಿರಲಿಲ್ಲ. ವಿಂಡರ್‌ಮಿಯರ್ ಸರೋವರದ ಪಶ್ಚಿಮ ದಡದ ಇಂಥ ಒಂದು ತಾಣದಲ್ಲಿ ಕಟ್ಟಡವನ್ನೇ ಎಬ್ಬಿಸಿ ಕಿಟಕಿಗಳಿಗೆ ಬಣ್ಣದ ಗಾಜು ಕೂಡಿಸಿದರು. ಹಳದಿ ಗಾಜಿನಲ್ಲಿ ಬೇಸಿಗೆ, ನೀಲಿಯಲ್ಲಿ ಬೆಳದಿಂಗಳು.

1793ರಿಂದ ಫ್ರಾನ್ಸಿನ ಜೊತೆ ಯುದ್ಧ ಶುರುವಾಗಿ ಇಟಲಿ, ಸ್ವಿಟ್ಜರ್ಲೆಂಡುಗಳ ದಾರಿ ಮುಚ್ಚಿದಾಗ ಸಿರಿವಂತರ ಗಾಡಿಗಳು ಇತ್ತ ಇನ್ನಷ್ಟು ತಿರುಗಿದವು. ಹಿಂದೆಯೇ ವ್ಯಾಪಾರವೂ ಬಂತು. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ದುಡಿದು ಊರಿಗೆ ಮರಳಿದ್ದ ಪೀಟರ್ ಕ್ರಾಸ್ತ್‌ವೇಟ್ ಎಂಬಾತ ಕೆಸ್ವಿಕ್‌ನಲ್ಲಿ ಮ್ಯೂಸಿಯಂ ತೆರೆದಿದ್ದ. ಪ್ರವಾಸಿಗಳ ಗಾಡಿ ಕಂಡರೆ ಡೋಲು ಬಡಿದು ಕರೆಯುವುದು ಅವನ ಪದ್ಧತಿ. ದೋಣಿಯಲ್ಲಿ ಕೂತು ಫಿರಂಗಿ ಹಾರಿಸಿ ಬೆಟ್ಟಗಳ ಮಾರ್ದನಿ ಕೇಳುವುದಕ್ಕೂ ದರವಿತ್ತು. ಸರೋವರದ ದಡದ ನಿಶ್ಶಬ್ದವನ್ನು ರೈಲು ಕೆಡಿಸಿತು ಎನ್ನುವವರು ಈ ಫಿರಂಗಿಗಳನ್ನು ಮರೆಯುತ್ತಾರೆ.

ವರ್ಡ್ಸ್‌ವರ್ತ್ ಕೂಡ ಈ ಪ್ರವಾಸಿ ಸಾಹಿತ್ಯಕ್ಕೆ ಹೊರಗಿನವನಲ್ಲ. ಬೇರೊಬ್ಬರ ಚಿತ್ರಸಂಪುಟಕ್ಕೆಂದು 1810ರಲ್ಲಿ ಹೆಸರು ಹಾಕದೆ ಬರೆದುಕೊಟ್ಟ ಲೇಖನವನ್ನು ಹಿಗ್ಗಿಸುತ್ತ ಹೋಗಿ ಸರೋವರಗಳ ಕೈಪಿಡಿಯನ್ನೇ ಮಾಡಿದ. 1835ರ ಹೊತ್ತಿಗೆ ಅದು ಐದನೆಯ ಆವೃತ್ತಿ ಕಂಡಿತ್ತು. ಜುಲೈ, ಆಗಸ್ಟ್‌ಗಳಲ್ಲಿ ಎಲ್ಲರೂ ನುಗ್ಗುತ್ತಾರೆ. ಅದರ ಬದಲು ಮೇ ತಿಂಗಳ ನಡುವಿನಿಂದ ಜೂನ್‌ವರೆಗೆ, ಇಲ್ಲವೇ ಎಲೆಗಳಿಗೆ ಬಣ್ಣ ಬರುವ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬನ್ನಿ ಎಂಬುದು ಅವನ ಸಲಹೆ. ಇಂದು ಹೋಗುವವರಿಗೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡುವುದು ಕಷ್ಟ. ಪುಸ್ತಕದ ಜನಪ್ರಿಯತೆ ಎಷ್ಟೆಂದರೆ, ಕೈಪಿಡಿಯ ಹೊರತು ಬೇರೇನಾದರೂ ಬರೆದಿದ್ದೀರಾ ಎಂದು ಒಬ್ಬ ಪಾದ್ರಿ ಅವನನ್ನು ಕೇಳಿದನಂತೆ. ಕೆಲವು ಪದ್ಯಗಳನ್ನು ಬರೆದಿದ್ದೇನೆ ಎಂದು ಕವಿ ವಿನಯದಿಂದ ಉತ್ತರಿಸಿದನಂತೆ. ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ ಈ ಪ್ರಸಂಗವನ್ನು ದಾಖಲಿಸಿದ್ದಾನೆ.

ನೋಡುವ ಕಣ್ಣು, ಸವಿಯುವ ಹೃದಯ ಇದ್ದವರಿಗೆಲ್ಲ ಈ ಸೀಮೆಯ ಮೇಲೆ ಹಕ್ಕಿದೆ, ಇದು ಇಡೀ ದೇಶದ ಆಸ್ತಿ ಎಂಬ ಭಾವನೆ ಅದೇ ಕೈಪಿಡಿಯಲ್ಲಿದೆ. ಆ ಕಣ್ಣು, ಹೃದಯ ಯಾರಿಗಿದೆ ಎಂದು ತೀರ್ಮಾನಿಸುವವರು ಯಾರು ಎಂಬಲ್ಲೇ ತಕರಾರು ಹುಟ್ಟಿದ್ದು.

ಶನಿವಾರ ಮಧ್ಯಾಹ್ನ ಎರಡು ಗಂಟೆ

1844ರಲ್ಲಿ ಕೆಂಡಲ್ ಪಟ್ಟಣದಿಂದ ವಿಂಡರ್‌ಮಿಯರ್ ಕಡೆಗೆ ರೈಲು ಹಾಕುವ ಯೋಜನೆ ಪ್ರಕಟವಾಯಿತು. ವರ್ಡ್ಸ್‌ವರ್ತ್‌ಗೆ ಆಗ 74 ವರ್ಷ. ಹಿಂದಿನ ವರ್ಷವಷ್ಟೇ ಆಸ್ಥಾನಕವಿಯ ಪಟ್ಟ ಬಂದಿತ್ತು. ಮೊದಲು ಒಂದು ಸಾನೆಟ್ ಬರೆದು ಪ್ರತಿಭಟಿಸಿದ. ಸಾಲದೆಂದು ಡಿಸೆಂಬರ್‌ನಲ್ಲಿ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಎರಡು ದೀರ್ಘ ಪತ್ರಗಳನ್ನು ಬರೆದ.

ಅವನ ವಾದ ಇಷ್ಟು. ಬೆಟ್ಟ, ಸರೋವರಗಳ ಸೊಬಗನ್ನು ಸವಿಯುವ ಶಕ್ತಿ ಹುಟ್ಟಿನಿಂದ ಬರುವುದಲ್ಲ, ನಿಧಾನವಾಗಿ ಬೆಳೆಯಬೇಕಾದದ್ದು. ಲ್ಯಾಂಕಾಶೈರ್‌ನ ಕಾರ್ಮಿಕರನ್ನು ಸಾವಿರ ಸಂಖ್ಯೆಯಲ್ಲಿ ರೈಲಿನಲ್ಲಿ ತುಂಬಿ ತಂದು ಒಂದು ದಿನ ಸುರಿದರೆ ಅವರಿಗೂ ಲಾಭವಿಲ್ಲ, ಊರಿನ ಶಾಂತಿಯೂ ಉಳಿಯದು. ಅವರು ಹೆಂಡತಿ ಮಕ್ಕಳೊಡನೆ ತಮ್ಮೂರ ಸುತ್ತಲಿನ ಹೊಲಗಳಲ್ಲೇ ಅಡ್ಡಾಡಿ ಬರಲಿ. ಇಲ್ಲದಿದ್ದರೆ ಸರೋವರದ ದಡದಲ್ಲಿ ಕುಸ್ತಿ, ಕುದುರೆ ಪಂದ್ಯ, ದೋಣಿ ಪಂದ್ಯಗಳು ಶುರುವಾಗಿ ಬಿಯರ್ ಅಂಗಡಿಗಳು ಏಳುತ್ತವೆ.

ಓದಿದರೆ ಸಿಟ್ಟು ಬರುತ್ತದೆ. ಹಾಗೆಂದು ಅವನನ್ನು ಸೊಕ್ಕಿನ ಮುದುಕನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಬಡ ಕುರುಬರ, ಭಿಕ್ಷುಕರ ಬದುಕನ್ನು ಇಂಗ್ಲಿಷ್ ಕಾವ್ಯದ ಒಳಗೆ ತಂದವನೇ ಅವನು. ನೂಕುನುಗ್ಗಲಿನಲ್ಲಿ ನಾಶವಾಗುವುದು ಸರೋವರವಲ್ಲ, ಅದರ ಮೌನ. ಆ ಮೌನ ಹೋದಮೇಲೆ ಬಂದವರಿಗೆ ಸಿಗುವುದಾದರೂ ಏನು ಎಂಬ ಅವನ ಪ್ರಶ್ನೆಗೆ ಇಂದಿಗೂ ಸುಲಭದ ಉತ್ತರವಿಲ್ಲ. ಆದರೆ ವರ್ಷವಿಡೀ ಸರೋವರದ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದವನು, ದಿನಕ್ಕೆ ಹತ್ತು ಹನ್ನೆರಡು ಗಂಟೆ ನೂಲಿನ ದೂಳು ಕುಡಿಯುವವನಿಗೆ ನಿಧಾನವಾಗಿ ಅಭಿರುಚಿ ಬೆಳೆಸಿಕೋ ಎಂದದ್ದು ಒಪ್ಪುವ ಮಾತಲ್ಲ. ನಿಧಾನಕ್ಕೆ ಬೇಕಾದ ಬಿಡುವನ್ನು ಅವನು ತರುವುದಾದರೂ ಎಲ್ಲಿಂದ?

ಆ ಬಿಡುವು ಅದೇ ಹೊತ್ತಿಗೆ ಹನಿಹನಿಯಾಗಿ ಸಿಗತೊಡಗಿತ್ತು. 1843ರಲ್ಲಿ ಮ್ಯಾಂಚೆಸ್ಟರಿನ ಹಲವು ಗೋದಾಮುಗಳು ಶನಿವಾರ ಅರ್ಧ ದಿನ ರಜೆಗೆ ಒಪ್ಪಿದವು. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳ ಹೆಂಗಸರ ಮತ್ತು ಎಳೆಯರ ಕೆಲಸ ಶನಿವಾರ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕೆಂದಿತು. ಅವರಿಲ್ಲದೆ ಗಿರಣಿ ನಡೆಯದು, ಹೀಗಾಗಿ ಗಂಡಸರಿಗೂ ಬಿಡುಗಡೆ. 1871ರ ಕಾಯಿದೆ ಬ್ಯಾಂಕ್ ರಜೆಗಳನ್ನು ಕೊಟ್ಟಿತು. ಶನಿವಾರದ ಕೆಲಸ ಮುಗಿಸಿ ಹೊರಟು ಸೋಮವಾರದೊಳಗೆ ಮರಳುವ ಈ ಹೊಸ ಅಭ್ಯಾಸಕ್ಕೆ ‘ವೀಕೆಂಡ್’ ಎಂಬ ಹೆಸರು 1879ರಲ್ಲಿ ಅಚ್ಚಿನಲ್ಲಿ ಕಾಣಿಸಿತು. ನಮ್ಮ ‘ವಾರಾಂತ್ಯ’ ಅದರ ಅನುವಾದ.

ರೈಲು ನಿಲ್ಲಲಿಲ್ಲ. 1847ರ ಏಪ್ರಿಲ್‌ನಲ್ಲಿ ಬರ್ತ್‌ವೇಟ್ ಎಂಬ ಪುಟ್ಟ ಹಳ್ಳಿಯವರೆಗೆ ಬಂತು. ಸರೋವರ ಅಲ್ಲಿಂದ ಇನ್ನೂ ಒಂದೂವರೆ ಕಿಲೊಮೀಟರ್ ದೂರ. ಆದರೂ ನಿಲ್ದಾಣಕ್ಕೆ ವಿಂಡರ್‌ಮಿಯರ್ ಎಂದು ಹೆಸರಿಟ್ಟರು, ಕ್ರಮೇಣ ಹಳ್ಳಿಗೇ ಆ ಹೆಸರಾಯಿತು. ರಜಾದಿನಗಳಲ್ಲಿ ಕಾರ್ಮಿಕರು ಬಂದರು, ಉಗಿದೋಣಿ ಹತ್ತಿದರು, ಸಂಜೆಯ ಗಾಡಿಗೆ ಹೊರಟುಹೋದರು. ಹೋಗದೆ ಉಳಿದವರು ಅವರ ಧಣಿಗಳು! ಸರೋವರದ ದಡದ ಜಾಗ ಕೊಂಡು ಬೇಲಿ ಹಾಕಿ ಬಂಗಲೆ ಕಟ್ಟಿದವರು ಮ್ಯಾಂಚೆಸ್ಟರಿನ ಉದ್ಯಮಿಗಳು. ವಿಂಡರ್‌ಮಿಯರ್ ಮೇಲಿನ ಹೆಸರಾಂತ ಬ್ಲ್ಯಾಕ್‌ವೆಲ್ ಭವನ 1900ರಲ್ಲಿ ಪೂರ್ಣಗೊಂಡದ್ದು ಬಿಯರ್ ತಯಾರಕ ಸರ್ ಎಡ್ವರ್ಡ್ ಹೋಲ್ಟ್‌ಗಾಗಿ. ಕವಿ ಹೆದರಿದ್ದು ಬಿಯರ್ ಅಂಗಡಿಗೆ. ಬಂದದ್ದು ಬಿಯರ್ ಕಾರ್ಖಾನೆಯ ಒಡೆಯ.

ನಲ್ಲಿಯಲ್ಲಿ ಬಂದ ಸರೋವರ

ಇದಕ್ಕಿಂತ ದೊಡ್ಡ ವಿಪರ್ಯಾಸ ಥರ್ಲ್‌ಮಿಯರ್‌ನದು. ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ಕುಡಿಯುವ ನೀರು ಬೇಕಿತ್ತು. 1879ರಲ್ಲಿ ಸಂಸತ್ತು ಕಾಯಿದೆ ಮಾಡಿ ಥರ್ಲ್‌ಮಿಯರ್ ಸರೋವರವನ್ನು ಆ ನಗರಕ್ಕೆ ಕೊಟ್ಟಿತು. ಅಣೆಕಟ್ಟೆ ಎದ್ದಿತು, ದಡದ ಹಳೆಯ ಮನೆಗಳು ಮುಳುಗಿದವು. 1894ರಲ್ಲಿ ನೀರು ಮ್ಯಾಂಚೆಸ್ಟರ್ ತಲುಪಿತು. ದೂರ 154 ಕಿಲೊಮೀಟರ್. ಒಂದು ಪಂಪೂ ಇಲ್ಲ, ಇಳಿಜಾರಿನಲ್ಲೇ ಹರಿಯುತ್ತದೆ. ಸರೋವರ ನೋಡಲು ಬರಬೇಡವೆನಿಸಿಕೊಂಡ ಕಾರ್ಮಿಕನ ಮನೆಯ ನಲ್ಲಿಗೆ ಸರೋವರವೇ ಬಂತು.

ಥರ್ಲ್‌ಮಿಯರ್ ಹೋರಾಟದಲ್ಲಿ ಸೋತವರಿಗೆ ಒಂದು ಪಾಠ ಸಿಕ್ಕಿತ್ತು. ಪತ್ರಿಕೆಗೆ ಕಾಗದ ಬರೆದರೆ ನೆಲ ಉಳಿಯದು. ಕೆಸ್ವಿಕ್‌ನ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ವರ್ಡ್ಸ್‌ವರ್ತ್‌ನ ಭಕ್ತನೇ. ಆದರೆ ಗುರುವಿನಂತೆ ಜನರನ್ನು ದೂರ ಇಡಲು ಹೊರಟವನಲ್ಲ. ಊರ ಪಕ್ಕದ ಲ್ಯಾಟ್ರಿಗ್ ಬೆಟ್ಟದ ಕಾಲುದಾರಿಯನ್ನು ಜಮೀನ್ದಾರರು ಮುಚ್ಚಿದಾಗ 1887ರ ಅಕ್ಟೋಬರ್ 1ರಂದು ಸುಮಾರು 2000 ಜನ ತಡೆಗಳನ್ನು ದಾಟಿ ಬೆಟ್ಟ ಹತ್ತಿದರು. ಕಾಲುದಾರಿಯ ಹಕ್ಕಿನ ಆ ಹೋರಾಟದಲ್ಲಿ ರಾನ್ಸ್‌ಲಿಯೂ ಇದ್ದ. ಮೊಕದ್ದಮೆ ನಡೆದು ಮರುವರ್ಷ ಬೆಟ್ಟದ ಮೇಲಿನ ದಾರಿ ಸಾರ್ವಜನಿಕರಿಗೆ ಉಳಿಯಿತು. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಅವರೊಡನೆ ಸೇರಿ ರಾನ್ಸ್‌ಲಿ ‘ನ್ಯಾಷನಲ್ ಟ್ರಸ್ಟ್’ ಕಟ್ಟಿದ. ಚೆಂದದ ಜಾಗವನ್ನು ಹಣ ಕೊಟ್ಟು ಕೊಂಡು ಎಲ್ಲರಿಗಾಗಿ ಕಾಪಾಡುವುದು ಅದರ ಕೆಲಸ. ಮಕ್ಕಳ ಕತೆಗಳ ಬಿಯಾಟ್ರಿಕ್ಸ್ ಪಾಟರ್ ಪುಸ್ತಕದ ಸಂಪಾದನೆಯಿಂದ ಇಲ್ಲಿ ಹೊಲ, ಕುರಿಮಂದೆಗಳನ್ನು ಕೊಳ್ಳುತ್ತ ಹೋಗಿ, 1943ರಲ್ಲಿ ಸಾಯುವಾಗ ಸುಮಾರು 4000 ಎಕರೆ ನೆಲವನ್ನು ಟ್ರಸ್ಟಿಗೇ ಬಿಟ್ಟಳು. 1951ರಲ್ಲಿ ಇಡೀ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಜಗಳ ಮಾತ್ರ ಮುಗಿದಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಜನ ಬರುತ್ತಾರೆ, ಬಹುಪಾಲು ಕಾರಿನಲ್ಲಿ. ರಜೆಯ ಮನೆಗಳಿಂದಾಗಿ ಬೆಲೆ ಏರಿ ಹಲವು ಹಳ್ಳಿಗಳಲ್ಲಿ ಅಲ್ಲೇ ಹುಟ್ಟಿ ಬೆಳೆದವರಿಗೆ ಸೂರು ಸಿಗುವುದು ಕಷ್ಟವಾಗಿದೆ. ವಿಂಡರ್‌ಮಿಯರ್ ನೀರಿನಲ್ಲಿ ಪಾಚಿ ಮತ್ತು ಕೊಳಚೆಯ ದೂರುಗಳಿವೆ. ಅದೇ ಸರೋವರದಲ್ಲಿ 2005ರಿಂದ ದೋಣಿಗಳಿಗೆ ಗಂಟೆಗೆ 10 ನಾಟಿಕಲ್ ಮೈಲಿಯ ಮಿತಿ ಹೇರಿದಾಗ ವೇಗದ ದೋಣಿಯವರು ಕೇಳಿದ್ದು ಹಳೆಯ ಪ್ರಶ್ನೆಯನ್ನೇ. ಮೌನ ಬೇಕಾದವರದು ಮಾತ್ರವೇ ಈ ನೀರು?

ಕೆಸ್ವಿಕ್‌ನಿಂದ ದೋಣಿ ಹಿಡಿದರೆ ಡರ್ವೆಂಟ್‌ವಾಟರ್ ಸರೋವರದ ಆಚೆ ದಡದಲ್ಲಿ ಬ್ರ್ಯಾಂಡಲ್‌ಹೌ ಎಂಬ ಕಾಡು ಸಿಗುತ್ತದೆ. ಓಕ್ ಮರಗಳು, ನೀರಿನಂಚಿನ ಕಾಲುದಾರಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಈ ಸೀಮೆಯಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡ ಮೊದಲ ನೆಲ ಇದು. 108 ಎಕರೆಗೆ 6,500 ಪೌಂಡ್ ಬೇಕಿತ್ತು. ಚಂದಾ ಎತ್ತಿ, 1902ರಲ್ಲಿ ಜನರಿಗೆ ತೆರೆದರು. ಹಣ ಕಳಿಸಿದವರಲ್ಲಿ ಒಬ್ಬ ಕಾರ್ಮಿಕನೂ ಇದ್ದ. ಅವನಿಂದ ಕೊಡಲಾದದ್ದು ಎರಡು ಶಿಲಿಂಗ್, ಅಂದರೆ ಒಂದು ಪೌಂಡಿನ ಹತ್ತನೇ ಒಂದು ಪಾಲು. ಹೆಚ್ಚು ಕೊಡುವ ಶಕ್ತಿ ತನಗಿಲ್ಲ, ಆದರೆ ಒಮ್ಮೆ ಡರ್ವೆಂಟ್‌ವಾಟರ್ ನೋಡಿದ್ದೇನೆ, ಅದನ್ನು ಮರೆಯಲಾಗದು ಎಂದು ಅವನು ಹಣದ ಜೊತೆ ಬರೆದು ಕಳಿಸಿದ್ದ.