ಮೊಡವೆಯ ಮದ್ದು: ಗ್ರಂಥಪ್ರಮಾಣವೂ ಪರೀಕ್ಷೆಯೂ

ಮಂಗಳೂರಿನ ಬಲ್ಮಠಕ್ಕೂ ಕನ್ನಡ ನಿಘಂಟಿಗೂ ಇರುವ ಸಂಬಂಧ ವಾಚಕರಿಗೆ ತಿಳಿದುದೇ ಆಗಿದೆ. ಇಲ್ಲಿಯ ಬಾಸೆಲ್ ಮಿಶನ್ನಿನವರು 1894ರಲ್ಲಿ ಅಚ್ಚು ಹಾಕಿಸಿದ ಕಿಟ್ಟೆಲರ ಕೋಶದಲ್ಲಿ ಮೂಲಿಕೆಗಳ ದೇಶೀಯ ನಾಮಗಳೊಡನೆ ಸಸ್ಯಶಾಸ್ತ್ರದ ಹೆಸರುಗಳೂ ದೊರೆಯುವುದು ಚರಿತ್ರಕಾರನಿಗೆ ಮಹೋಪಕಾರ. ಗಿಡ ಯಾವುದೆಂದು ನಿರ್ಧಾರವಾಗದೆ ಅದರ ಗುಣವನ್ನು ಪರೀಕ್ಷಿಸುವುದೆಂತು? ಆದರೆ ಹೆಸರು ನಿಶ್ಚಯವಾದೊಡನೆ ಗುಣವೂ ನಿಶ್ಚಯವಾಯಿತೆಂದು ಬಗೆಯುವವರು ನಮ್ಮಲ್ಲಿ ಕಡಮೆಯಿಲ್ಲ. ಮೊಡವೆಯ ಮದ್ದಿನ ವೃತ್ತಾಂತ ಇದಕ್ಕೆ ನಿದರ್ಶನ.

ಸುಶ್ರುತಸಂಹಿತೆಯು ಈ ವ್ಯಾಧಿಯನ್ನು ಮುಖದೂಷಿಕೆಯೆಂದು ಕರೆದು ಕ್ಷುದ್ರರೋಗಗಳಲ್ಲಿ ಎಣಿಸುತ್ತದೆ. ತರುಣರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳೆಂದು ಲಕ್ಷಣ ಹೇಳಿ, ವಮನವನ್ನೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಗಳ ಲೇಪವನ್ನೂ ವಿಧಿಸುತ್ತದೆ. ಆ ಲೇಪದಲ್ಲಿ ಗುಗ್ಗುಳವಿಲ್ಲ. ಆದರೂ ಈಚೆಗೆ ಮೊಡವೆಗೆ ಪರೀಕ್ಷಿತವಾದ ಭಾರತೀಯ ಮೂಲಿಕೆಗಳಲ್ಲಿ ಹೆಚ್ಚಾಗಿ ಉಲ್ಲೇಖಿತವಾಗುವುದು ಗುಗ್ಗುಳವೇ.

ಅದು ಬಂದ ದಾರಿ ಬೇರೆ. (ಗಿಡವೂ ನಮ್ಮ ಕರಾವಳಿಯದಲ್ಲ, ರಾಜಸ್ಥಾನ, ಗುಜರಾತುಗಳ ಒಣನೆಲದ್ದು.) ಜಿ. ವಿ. ಸತ್ಯವತಿಯವರು ಮೇದೋರೋಗವನ್ನು ಕುರಿತ ಸುಶ್ರುತನ ಮಾತುಗಳನ್ನು ಆಧಾರವಾಗಿ ಹಿಡಿದು, ಮೊಲಗಳ ಮೇಲೆ ಗುಗ್ಗುಳವನ್ನು ಪ್ರಯೋಗಿಸಿ, 1966ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಸಲ್ಲಿಸಿದರು. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಗುಗ್ಗುಲಿಪಿಡ್ ಎಂಬ ಸಾರವು 1980ರ ದಶಕದಲ್ಲಿ ರಕ್ತದ ಕೊಬ್ಬನ್ನಿಳಿಸುವ ಔಷಧವಾಗಿ ಬಳಕೆಗೆ ಬಂತು. ಈ ಸಾರವನ್ನೇ ಗಂಟುಮೊಡವೆಯ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆ 1994ರಲ್ಲಿ ಪ್ರಕಟವಾಯಿತು. 20 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಟೆಟ್ರಾಸೈಕ್ಲಿನ್, ಇನ್ನೊಂದಕ್ಕೆ ಗುಗ್ಗುಲಿಪಿಡ್, ಹೀಗೆ 3 ತಿಂಗಳು ಚಿಕಿತ್ಸೆ ನಡೆಯಿತು. ಮೊದಲನೆಯದರಲ್ಲಿ ಶೇಕಡ 65.2, ಎರಡನೆಯದರಲ್ಲಿ ಶೇಕಡ 68ರಷ್ಟು ಇಳಿತ ಕಂಡುಬಂತು.

ಎರಡೂ ಸಮವೆಂದು ಸಾಧಿಸಲು 20 ಮಂದಿ ಸಾಲರು. ಮೊಡವೆಯಾದರೋ ಏರಿ ಇಳಿಯುವ, ಅನೇಕರಲ್ಲಿ ಪ್ರಾಯ ಕಳೆದಂತೆ ತಾನಾಗಿ ಶಮನವಾಗುವ ವ್ಯಾಧಿ; ಮದ್ದಿಲ್ಲದ ಗುಂಪೊಂದು ಪಕ್ಕದಲ್ಲಿ ಇಲ್ಲದಿದ್ದರೆ ಇಳಿತದಲ್ಲಿ ಔಷಧದ ಪಾಲೆಷ್ಟೆಂದು ಬೇರ್ಪಡಿಸಲಾಗದು. 1990ರಲ್ಲಿ ಆಸ್ಟ್ರೇಲಿಯದಲ್ಲಿ ಟೀ ಟ್ರೀ ಎಣ್ಣೆಯನ್ನು ಬೆಂಜಾಯಿಲ್ ಪೆರಾಕ್ಸೈಡಿನೊಡನೆ 124 ರೋಗಿಗಳಲ್ಲಿ ಹೋಲಿಸಿದಾಗಲೂ ಅಂಥ ಗುಂಪು ಇರಲಿಲ್ಲ. ಎಣ್ಣೆಯ ಗುಣ ನಿಧಾನ, ಉಪದ್ರವ ಕಡಮೆ ಎಂಬಷ್ಟು ತಿಳಿದುಬಂತು.

ಇಷ್ಟಿದ್ದೂ, ಸುಶ್ರುತನ ಮೊಡವೆಮದ್ದನ್ನು ವಿಜ್ಞಾನ ಸಮರ್ಥಿಸಿದೆಯೆಂಬ ವಾಕ್ಯವನ್ನು ವಿದ್ಯಾರ್ಥಿಗಳ ಬರಹದಲ್ಲಿ ನಾವು ಕಾಣುತ್ತೇವೆ; ಅದನ್ನು ತಿದ್ದದೆ ಬಿಟ್ಟದ್ದೂ ಉಂಟು. 1994ರ ರೋಗಿಗಳು ನುಂಗಿದ್ದು ಗುಗ್ಗುಳದ ಸಾರ. ಸುಶ್ರುತನು ಹಚ್ಚಹೇಳಿದ್ದು ಬಜೆ, ಲೋಧ್ರಗಳ ಲೇಪ.